ಎರಡು ಹಿತ್ತಾಳೆ ಬಿರಡೆ

ನಮ್ಮನೆಯವರ ಕೈ ಸುಮ್ಮನಿರುವ ಕೈಯಲ್ಲ. ಕುಕ್ಕರಿನ ಹಿಡಿ ಒಂದಿಷ್ಟು ಅಲ್ಲಾಡಿದರೆ ಸಾಕು, ಅದು ಒಲೆಯ ಮೇಲೆ ಬುಸುಗುಡುತ್ತಿರುವಾಗಲೇ ಸ್ಕ್ರೂಡ್ರೈವರ್ ಹಿಡಿದು ಬರುತ್ತಾರೆ. ಡಾಕ್ಟರ ಹತ್ತಿರ ಹೋದರೆ ತಮ್ಮ ಕಾಯಿಲೆ ಮರೆತು ಅವರ ಬಿಪಿ ಮಿಷನ್ನಿನ ಕಾಯಿಲೆ ವಿಚಾರಿಸುತ್ತಾರೆ. ಮದುವೆಗೆ ಮುಂಚೆ ಮೊದಲ ಸಲ ನಮ್ಮ ಮನೆಗೆ ಬಂದಾಗ, ನಾನು ಟೀ ತರುವಷ್ಟರಲ್ಲಿ ಗೋಡೆ ಗಡಿಯಾರ ಇಳಿಸಿ, ಅದರ ಹೊಟ್ಟೆ ಬಿಚ್ಚಿ, ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದರು. ನಮ್ಮಪ್ಪ ಅದನ್ನು ನೋಡಿಯೇ ಮರುಳಾದರು. ನನಗಾದರೂ ಆಗಲೇ ಬುದ್ಧಿ ಬರಬೇಕಿತ್ತು.

ಇವರದು ಗಡಿಯಾರ ರಿಪೇರಿ ಅಂಗಡಿ. ಒಂದು ಪಕ್ಕ ಔಷಧಿ ಅಂಗಡಿ, ಇನ್ನೊಂದು ಪಕ್ಕ ಜೆರಾಕ್ಸ್ ಅಂಗಡಿ, ನಡುವೆ ಒಂದು ಮೇಜು, ಒಂದು ಸ್ಟೂಲು, ಇವರು. ಗೋಡೆಯಲ್ಲಿ ಮೂವತ್ತು ಗಡಿಯಾರ, ಒಂದೊಂದೂ ತನ್ನದೇ ಹೊತ್ತು ತೋರಿಸುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಮಾತ್ರ ಈ ಮನುಷ್ಯ ಅಲ್ಲಾಡುವುದಿಲ್ಲ. ಅದನ್ನು ತೆಗೆದರೋ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಟ ಶುರು. ಕೆಲಸ ಕಲಿಸಿದ್ದು ಇವರ ಸೋದರಮಾವ. ಅವರು ಹಾಕಿಕೊಟ್ಟ ನಿಯಮ ಒಂದೇ: ಬಾಯಿ ತೆರೆದ ವಸ್ತುವನ್ನು ಹಾಗೇ ಬಿಟ್ಟು ಏಳಬಾರದು, ಧೂಳು ಒಳಗೆ ಹೋದರೆ ಕೆಲಸವೆಲ್ಲ ಹಾಳು. ಇವರು ಫೋನು ಬಂದರೂ ಮೊದಲು ವಾಚಿನ ಮೇಲೆ ಗಾಜಿನ ಬಟ್ಟಲು ಕವುಚುತ್ತಾರೆ, ಆಮೇಲೆ ಹಲೋ ಅನ್ನುತ್ತಾರೆ. ಮನೆಯಲ್ಲೂ ಅದೇ ಕಥೆ. ಉಪ್ಪಿನ ಡಬ್ಬಿ, ನೀರಿನ ಲೋಟ, ಪೇಸ್ಟಿನ ಮುಚ್ಚಳ, ಎಲ್ಲದರ ಹಿಂದೆಯೂ ಬಿದ್ದಿರುತ್ತಾರೆ. ಅರ್ಧ ಕುಡಿದ ಟೀ ಇಟ್ಟು ಬಾಗಿಲು ತೆರೆದು ಬರುವಷ್ಟರಲ್ಲಿ ಅದರ ಮೇಲೊಂದು ತಟ್ಟೆ ಕೂತಿರುತ್ತದೆ.

ಮಗಳು ಸ್ಕೂಲು ಬಿಟ್ಟ ಮೇಲೆ ಆ ಅಂಗಡಿಯಲ್ಲೇ ಬೆಳೆದಳು. ರೆಪ್ಪೆಕೂದಲಿಗಿಂತ ಸಣ್ಣ ಸ್ಕ್ರೂ ಚಿಮಟದಲ್ಲಿ ಎತ್ತುವುದನ್ನು ಇವರು ಅವಳಿಗೆ ಕಲಿಸಿದರು. "ಉಸಿರು ಬಿಡು ಪುಟ್ಟಿ, ಅರ್ಧಕ್ಕೆ ನಿಲ್ಲಿಸು, ಈಗ ಕೈ ಆಡಿಸು," ಅನ್ನುತ್ತಿದ್ದರು. ಅದೇ ಅಭ್ಯಾಸ ಅವಳನ್ನು ಶೂಟಿಂಗಿಗೆ ಎಳೆದುಕೊಂಡು ಹೋಯಿತು. ಮೊದಲ ದಿನ ಏರ್ ರೈಫಲ್ ಹಿಡಿದಾಗ, ಉಸಿರು ಹಿಡಿಯೋದು ಯಾರು ಕಲಿಸಿದರು ಅಂತ ಕೋಚ್ ಕೇಳಿದರಂತೆ. ಅಪ್ಪ, ಅಂದಳಂತೆ. ನಿಮ್ಮಪ್ಪನೂ ಶೂಟರಾ ಅಂದರೆ, ಇಲ್ಲ ಸರ್, ಗಡಿಯಾರ ರಿಪೇರಿ, ಅಂದಳಂತೆ. ಈ ಕಥೆಯನ್ನು ಇವರು ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಹೇಳಿದ್ದಾರೆ, ಕೆಲವರಿಗೆ ಎರಡೆರಡು ಸಲ.

ಹೋದ ವರ್ಷ ಒಂದು ದೊಡ್ಡ ಪಂದ್ಯದ ಹಿಂದಿನ ದಿನ, ಬಂದೂಕಿನ ಕುದುರೆ ಸ್ವಲ್ಪ ಬಿಗಿಯಾಗಿದೆ ಅಂತ ಇವರಿಗೆ ಅನ್ನಿಸಿತು. ಒಂದೇ ಒಂದು ಹನಿ ವಾಚಿನ ಎಣ್ಣೆ ಬಿಟ್ಟರು. ಮಾರನೆಯ ದಿನ ಅವಳು ಗುರಿ ಇಡುವ ಮುಂಚೆಯೇ ಎರಡು ಗುಂಡು ಹಾರಿಹೋದವು. ಹನ್ನೊಂದು ದಿನ ಅಪ್ಪನ ಹತ್ತಿರ ಮಾತು ಬಿಟ್ಟಳು. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟಕ್ಕೆ ಕೂತು, "ಅಮ್ಮ, ಅವರಿಗೆ ನೀರು ಕೊಡು," ಅನ್ನುತ್ತಿದ್ದಳು. ಹನ್ನೆರಡನೆಯ ದಿನ ಇವರು, ಇನ್ನು ಯಾವತ್ತೂ ಬಂದೂಕು ಮುಟ್ಟಲ್ಲ ಅಂತ ಆಣೆ ಹಾಕಿದ ಮೇಲೆ ಮನೆ ಮನೆಯಾಯಿತು.

ಈಗ ಅವಳಿಗೆ ಹತ್ತೊಂಬತ್ತು ಮುಗಿಯುತ್ತಿದೆ. ಜೂನಿಯರ್ ತಂಡಕ್ಕೆ ಇದೇ ಕೊನೆಯ ವರ್ಷ. ದೂರದ ಊರಲ್ಲಿ ಆಯ್ಕೆ ಪಂದ್ಯ, ನಾಲ್ಕೇ ನಾಲ್ಕು ಜನರನ್ನು ಆರಿಸುತ್ತಾರೆ, ತಪ್ಪಿದರೆ ದೊಡ್ಡವರ ಜೊತೆ ಸೊನ್ನೆಯಿಂದ ಶುರು ಮಾಡಬೇಕು. ಕೋಚ್ ಎರಡು ದಿನ ಮುಂಚೆಯೇ ಹೋಗಿದ್ದರು. ಇವಳ ಜೊತೆ ವಿಮಾನದಲ್ಲಿ ಇವರು ಹೋಗುವುದು ಅಂತಾಗಿತ್ತು. ಇವರಿಗೆ ಅದು ಮೊದಲ ವಿಮಾನ.

ಬಂದೂಕು ಹಿಡಿದು ವಿಮಾನ ಹತ್ತುವುದೆಂದರೆ ಹುಡುಗಾಟವಲ್ಲ. ವಿಮಾನದವರು ಕಳಿಸಿದ ಪಟ್ಟಿಯನ್ನು ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಬಂದೂಕು ಗಟ್ಟಿ ಪೆಟ್ಟಿಗೆಯಲ್ಲಿರಬೇಕು, ಬೀಗ ಬೇಕು, ಲೈಸೆನ್ಸ್ ಕಾಗದ ಬೇಕು, ಗುಂಡು ಬೇರೆ ಕಟ್ಟಬೇಕು. ಆ ಬಂದೂಕಿಗೆ ಗಾಳಿ ತುಂಬುವ ಎರಡು ಸಿಲಿಂಡರ್ ಇವೆ, ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ. ಅವು ಪೂರ್ತಿ ಖಾಲಿಯಿರಬೇಕು, ವಾಲ್ವ್ ಬಿಚ್ಚಿರಬೇಕು, ಒಳಗಡೆ ಕಣ್ಣಿಗೆ ಕಾಣುವ ಹಾಗೆ ಬಾಯಿ ತೆರೆದಿರಬೇಕು. ಕೋಚ್ ಹೋಗುವ ಮುಂಚೆ ತಾವೇ ಗಾಳಿ ಬಿಟ್ಟು, ವಾಲ್ವ್ ಬಿಚ್ಚಿ, ಚೀಲದಲ್ಲಿ ಹಾಕಿಕೊಟ್ಟಿದ್ದರು. ಅಲ್ಲಿ ಹೋದ ಮೇಲೆ ಮೆಕ್ಯಾನಿಕ್ ಮತ್ತೆ ಕೂರಿಸುತ್ತಾನೆ. ಮಗಳು ಸಿಲಿಂಡರುಗಳನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ಕ್ಲಬ್ಬಿಗೆ ಹೋದಳು.

ನಾನೂ ಪಟ್ಟಿ ಓದಿದ್ದೆ. ಚೂಪಾದ ವಸ್ತು ಜೇಬಿನಲ್ಲಿರಬಾರದು ಅಂತಿತ್ತು. ಇವರ ಜೇಬೆಂದರೆ ನಡೆದಾಡುವ ಅಂಗಡಿ. ಹೊರಡುವ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಪ್ಯಾಂಟು, ಶರಟು ಎರಡನ್ನೂ ಜಾಲಾಡಿದೆ. ಎರಡು ಚಿಮಟ, ಮೂರು ಸ್ಕ್ರೂಡ್ರೈವರ್, ಅರ್ಧ ಬ್ಲೇಡು, ವಾಚಿನ ಬೆನ್ನು ಮುಚ್ಚಳ ತಿರುಗಿಸುವ ಎರಡು ಹಲ್ಲಿನ ಕೀಲಿ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆ. ಗಂಡನನ್ನು ಪೊಲೀಸರ ಕೈಯಿಂದ ಉಳಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಿಮಾನ ನಿಲ್ದಾಣಕ್ಕೆ ಬೀಳ್ಕೊಡಲು ನಾನೂ ಹೋದೆ, ನೋಡಲು ಬಂದವರ ಟಿಕೆಟ್ಟು ತೆಗೆದುಕೊಂಡು ಒಳಗೂ ಹೋದೆ. ಸಾಲಿನಲ್ಲಿ ನಿಲ್ಲುವುದೆಂದರೆ ಇವರಿಗೆ ಶಿಕ್ಷೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಟ್ರಾಲಿಯ ಚಕ್ರ ಬಗ್ಗಿ ನೋಡುತ್ತಾ, ಮುಂದಿದ್ದ ಹೆಂಗಸಿನ ಸೂಟ್‌ಕೇಸಿನ ಜಿಪ್ಪು ಸರಿಯಿಲ್ಲ ಅಂತ ಹೇಳುತ್ತಾ ಇದ್ದರು. ಮಗಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಪಂದ್ಯದ ಹಿಂದಿನ ದಿನ ಅವಳು ಹಾಗೇ, ಯಾರೂ ಮಾತಾಡಿಸಬಾರದು.

ಬಂದೂಕಿನ ಪೆಟ್ಟಿಗೆ ಸರಾಗವಾಗಿ ಮುಗಿಯಿತು. ಕಾಗದ ನೋಡಿದರು, ನಂಬರು ನೋಡಿದರು, ಸೀಲು ಹೊಡೆದರು. ಆಮೇಲೆ ಸೆಕ್ಯೂರಿಟಿಯಾಕೆ ಸೂಟ್‌ಕೇಸು ತೆಗೆಸಿ, ಟವೆಲ್ಲು ಬಿಡಿಸಿ, ಸಿಲಿಂಡರನ್ನು ಎತ್ತಿ ಬೆಳಕಿಗೆ ಹಿಡಿದಳು. ಬಾಯಿ ಇರಬೇಕಾದ ಕಡೆ ಹಿತ್ತಾಳೆಯ ಬಿರಡೆ ಹೊಳೆಯುತ್ತಿತ್ತು. ಇನ್ನೊಂದರಲ್ಲೂ ಹಾಗೇ. ಅಂಚಿಗೆ ಅಂಚು ಸೇರಿ, ಉಗುರು ತೂರಿಸಲೂ ಜಾಗವಿಲ್ಲದ ಹಾಗೆ ಕೂತಿದ್ದವು. ಮೇಲೆ ವಾಚಿನ ಬೆನ್ನಿಗಿರುವ ಹಾಗೆ ಎರಡು ಪುಟ್ಟ ತೂತು.

ನಾನು ಇವರ ಮುಖ ನೋಡಿದೆ. ಅಂಥ ಕೆಲಸ ಯಾರದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದರ ಬಾಯಿ ತೆರೆದಿರಬೇಕು ಸರ್," ಅಂದಳು ಆಕೆ.

"ಖಾಲಿ ಇದೆ ಮೇಡಂ. ಧೂಳು ಹೋಗಬಾರದಲ್ಲ, ಅದಕ್ಕೆ ಮುಚ್ಚಿದೀನಿ. ನಾನೇ ಅಂಗಡಿಯ ಪುಟ್ಟ ಲೇತಿನಲ್ಲಿ ಕಡೆದು ಮಾಡಿದ್ದು," ಅಂದರು ಇವರು. ಆ ಹೊತ್ತಿನಲ್ಲೂ ದನಿಯಲ್ಲಿ ಹೆಮ್ಮೆ.

"ಖಾಲಿ ಅಂತ ನಿಮಗೆ ಗೊತ್ತು. ನನಗೆ ಗೊತ್ತಾಗೋದು ಹೇಗೆ?"

"ಒಂದೇ ನಿಮಿಷ, ಬಿಚ್ಚಿ ತೋರಿಸ್ತೀನಿ." ಕೈ ಶರಟಿನ ಜೇಬಿಗೆ ಹೋಯಿತು. ಪ್ಯಾಂಟಿನ ಜೇಬಿಗೆ ಹೋಯಿತು. ಮತ್ತೆ ಶರಟಿಗೆ ಬಂತು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು.

"ಕೀಲಿ?"

"ಮನೇಲಿದೆ," ಅಂದೆ.

ಮಗಳು ಕಿವಿಯಿಂದ ಅದನ್ನು ಕಿತ್ತು ತೆಗೆದಳು. "ಅಪ್ಪ, ಇದು ಯಾವಾಗ ಮಾಡಿದ್ದು?"

"ನಿನ್ನೆ ಸಂಜೆ. ನೀನು ಕ್ಲಬ್ಬಿಗೆ ಹೋಗಿದ್ದೆ."

"ನಾನು ಮುಟ್ಟಬೇಡ ಅಂದಿದ್ದೆ."

"ಬಂದೂಕು ಮುಟ್ಟಬೇಡ ಅಂದಿದ್ದೆ ಪುಟ್ಟಿ. ಬಂದೂಕು ನಾನು ಮುಟ್ಟಿಲ್ಲ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗಡಿಯಾರ ನೋಡಿದಳು. ಕೌಂಟರ್ ಮುಚ್ಚಲು ಇನ್ನು ಇಪ್ಪತ್ತೈದು ನಿಮಿಷ. ಮನೆಗೆ ಹೋಗಲೇ ಐವತ್ತು ನಿಮಿಷ ಬೇಕು.

ಆ ಇಪ್ಪತ್ತೈದು ನಿಮಿಷ ನಾವು ಪಟ್ಟ ಪಾಡು ಶತ್ರುವಿಗೂ ಬೇಡ. ನನ್ನ ಹೇರ್‌ಪಿನ್ ಎರಡು ತೆಗೆದುಕೊಟ್ಟೆ, ತೂತಿಗೆ ಹಾಕಿ ತಿರುಗಿಸಿದರೆ ಹೆದರಿದ ನಾಯಿಯ ಬಾಲದಂತೆ ಮಡಚಿಕೊಂಡವು. ಲಗೇಜಿಗೆ ಪ್ಲಾಸ್ಟಿಕ್ ಸುತ್ತುವವನ ಹತ್ತಿರ ಇಕ್ಕಳವಿತ್ತು, ಓಡಿಹೋಗಿ ತಂದೆ. ಹಿಡಿಯಲು ಅಂಚೇ ಇಲ್ಲದ ಮೇಲೆ ಇಕ್ಕಳ ಏನು ಮಾಡೀತು? ಜಾರಿ ಜಾರಿ ಇವರ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಗಾಜಿನ ಆಚೆ, ಪ್ರಯಾಣಿಕರಿಂದ ಕಿತ್ತುಕೊಂಡ ಸಾಮಾನಿನ ಡಬ್ಬವೊಂದು ಕಾಣುತ್ತಿತ್ತು. ಕತ್ತರಿ, ಉಗುರು ಕತ್ತರಿಸುವುದು, ಸಣ್ಣ ಚಾಕು, ಮೇಲುಗಡೆಯೇ ಒಂದು ಒಳ್ಳೆ ಉಕ್ಕಿನ ಚಿಮಟ. ಇವರು ಅದನ್ನು ಹಸಿದವನು ಅನ್ನ ನೋಡುವ ಹಾಗೆ ನೋಡಿದರು.

"ಮೇಡಂ, ಆ ಚಿಮಟ ಎರಡು ನಿಮಿಷ ಕೊಡಿ. ನಿಮ್ಮ ಕಣ್ಣೆದುರೇ ಬಿಚ್ತೀನಿ."

"ರಿಜಿಸ್ಟರಲ್ಲಿ ಬರೆದಿಟ್ಟ ಮೇಲೆ ಅದನ್ನ ನಾನೂ ಮುಟ್ಟೋ ಹಾಗಿಲ್ಲ ಸರ್. ನಿಮ್ಮ ಕಷ್ಟ ಅರ್ಥ ಆಗುತ್ತೆ. ಬಂದೂಕು ಹೋಗಲಿ, ಇವೆರಡು ಹೋಗಲ್ಲ."

ಆಕೆಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಅಚ್ಚುಕಟ್ಟಾಗಿ ಮಾಡಿ ಕೆಡಿಸಿದವರು ನಾವಿಬ್ಬರೇ.

ಮಗಳು ಕೋಚಿಗೆ ಫೋನು ಮಾಡಿದಳು. ಅಲ್ಲಿ ಬೇರೆಯವರ ಸಿಲಿಂಡರ್ ಸಿಗುವುದೇನೋ ಸಿಗುತ್ತದೆ, ಇವಳ ಬಂದೂಕಿಗೆ ಕೂರುವುದಿಲ್ಲ. ನಾಳೆ ಬೆಳಿಗ್ಗೆ ಎಂಟೂವರೆಗೆ ಸಲಕರಣೆಗಳ ತಪಾಸಣೆ. ಆ ಹೊತ್ತಿಗೆ ಸಿಲಿಂಡರ್ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅಷ್ಟು ಕೇಳಿಸಿಕೊಂಡು ಅವಳು ಫೋನು ಕೆಳಗಿಟ್ಟು, ನೆಲ ನೋಡುತ್ತಾ ನಿಂತಳು. ಆರು ವರ್ಷ ಬೆಳಿಗ್ಗೆ ಐದಕ್ಕೆ ಎದ್ದ ಹುಡುಗಿ ಅವಳು.

"ಬಸ್ಸಲ್ಲಿ ತರ್ತೀನಿ," ಅಂದರು ಇವರು. "ಒಂದೂವರೆಗೆ ಒಂದು ಬಸ್ಸಿದೆ, ನಾಳೆ ಏಳಕ್ಕೆ ಅಲ್ಲಿರುತ್ತೆ. ನೀನು ವಿಮಾನ ಹತ್ತು."

"ಹದಿನೆಂಟು ಗಂಟೆ. ನೀನು ಕೂರ್ತೀಯಾ?"

"ಕೂರ್ತೀನಿ."

"ಏನೂ ಮುಟ್ಟದೆ?"

"ಏನೂ ಮುಟ್ಟದೆ."

ಅವಳು ಸಿಲಿಂಡರುಗಳನ್ನು ಟವೆಲ್ಲಿನಲ್ಲಿ ಸುತ್ತಿ ಇವರ ಕೈಗಿಟ್ಟು, ಒಳಗೆ ಹೋದಳು. ತಿರುಗಿ ನೋಡುತ್ತಾಳೇನೋ ಅಂತ ಇಬ್ಬರೂ ಕಾದೆವು. ನೋಡಲಿಲ್ಲ.

ಇವರು ಸೀಟು ಹಿಡಿಯಲು ಬಸ್ ನಿಲ್ದಾಣಕ್ಕೆ ಓಡಿದರು, ನಾನು ಟ್ಯಾಕ್ಸಿ ಹಿಡಿದು ಮನೆಗೆ. ಬೀಗ ತೆಗೆಯುವ ಅವಸರದಲ್ಲಿ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಆ ಡಬ್ಬಿ ತೆಗೆದು, ಎರಡು ಹಲ್ಲಿನ ಕೀಲಿ ಮುಷ್ಟಿಯಲ್ಲಿ ಹಿಡಿದು, ಬಾಗಿಲು ಎಳೆದುಕೊಂಡು ಮತ್ತೆ ಓಟ. ದಾರಿಯುದ್ದಕ್ಕೂ ಇವರಿಗೆ ಬೈಯಬೇಕೆಂದಿದ್ದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಪ್ರತಿ ಬೈಗುಳದ ಕೊನೆಗೂ ಕೀಲಿ ತೆಗೆದಿಟ್ಟವಳು ನೀನು ಅನ್ನುವುದು ಬಂದು ನಿಲ್ಲುತ್ತಿತ್ತು. ನಿಲ್ದಾಣ ಮುಟ್ಟಿದಾಗ ಬಸ್ಸಿನ ಎಂಜಿನ್ ಶುರುವಾಗಿತ್ತು. ಇವರು ಕಿಟಕಿಯ ಪಕ್ಕ, ತೊಡೆಯ ಮೇಲೆ ಟವೆಲ್ಲಿನ ಗಂಟು ಇಟ್ಟುಕೊಂಡು, ಕತ್ತು ಹೊರಗೆ ಹಾಕಿ ಕೂತಿದ್ದರು.

"ಈಗಲೇ ಬಿಚ್ಚಲಾ?" ಅಂದರು ಕೀಲಿ ಇಸಕೊಂಡು.

"ಬೇಡ! ಅಲ್ಲಿ ಹೋಗೋವರೆಗೂ ಕೈ ಹಾಕಬೇಡಿ. ಪರ್ಸಲ್ಲಿಡಿ."

ಹೇಳಿದ ಹಾಗೇ ಪರ್ಸಿನಲ್ಲಿಟ್ಟರು. ಅಷ್ಟು ಸಾಧುವಾಗಿ ಇವರು ನನ್ನ ಮಾತು ಕೇಳಿದ್ದು ನೋಡಿ ನನಗೆ ಭಯವೇ ಆಯಿತು. ಬೈಗುಳವೆಲ್ಲ ಹೊಟ್ಟೆಯಲ್ಲೇ ಉಳಿಯಿತು.

ಮನೆಗೆ ಬಂದು ಕೂತೆ, ಎದ್ದೆ. ತೊಳೆದ ಪಾತ್ರೆ ಮತ್ತೆ ತೊಳೆದೆ. ಮಗಳು ತಲುಪಿದೆ ಅಂತ ಒಂದೇ ಪದ ಕಳಿಸಿದಳು. ಸಂಜೆ ಐದಕ್ಕೆ ಇವರ ಫೋನು.

"ಬಸ್ಸು ನಿಂತಿದೆ ಕಣೇ. ರೇಡಿಯೇಟರ್."

"ನೀವು ಕೈ ಹಾಕಿದ್ರಾ?"

"ಇಲ್ಲ."

"ನಿಜ ಹೇಳಿ."

"ನೋಡೋಣ ಅಂತ ಇಳಿದೆ. ಡ್ರೈವರ್ ಹತ್ತಿರ ಬಿಡಲಿಲ್ಲ."

ಆ ಡ್ರೈವರನ ಹೊಟ್ಟೆ ತಣ್ಣಗಿರಲಿ. ಒಂದು ಗಂಟೆ ಹತ್ತು ನಿಮಿಷ ನಿಂತಿತು ಬಸ್ಸು. ಏಳಕ್ಕೆ ಒಂದು ಗಂಟೆ ಹತ್ತು ನಿಮಿಷ ಕೂಡಿಸಿದರೆ ಎಂಟು ಹತ್ತು. ಅಲ್ಲಿಂದ ಶೂಟಿಂಗ್ ರೇಂಜಿಗೆ ಹದಿನೈದು ನಿಮಿಷ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ, ಪ್ರತಿ ಸಲವೂ ಐದೇ ನಿಮಿಷ ಉಳಿಯುತ್ತಿತ್ತು. ಯಾವಾಗ ಬೆಳಗಾಯಿತೋ ಗೊತ್ತಿಲ್ಲ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಎರಡನೆಯ ರಿಂಗಿಗೆ ಕಾಯಲಿಲ್ಲ ನಾನು.

"ತಲುಪಿದೆ. ಕೊನೆಯವಳು ಇವಳೇ, ಮೇಜು ಎತ್ತೋಕೆ ಹೊರಟಿದ್ರು. ಬಿರಡೆ ತಿರುಗಿಸಿ ತೆಗೆದೆ, ಮೆಕ್ಯಾನಿಕ್ ವಾಲ್ವ್ ಕೂರಿಸಿದ, ಗಾಳಿ ತುಂಬಿದ, ತಪಾಸಣೆ ಮುಗೀತು."

"ಅವಳು ಏನಂದ್ಲು?"

ಅವರ ಹಿಂದೆ ಯಾರೋ ಮೈಕಿನಲ್ಲಿ ನಂಬರು ಕೂಗುತ್ತಿದ್ದರು.

"ಒಳಗೆ ಬರಬೇಡ ಅಂದ್ಲು. ನೀನು ಹಿಂದೆ ಕೂತಿದ್ರೆ ನಿನ್ನ ಕೈ ಏನು ಮಾಡ್ತಿದೆ ಅಂತ ಯೋಚನೆ ಬರುತ್ತೆ ಅಂದ್ಲು. ಜೋರಾಗಿ ಹೇಳಲಿಲ್ಲ. ಮೆತ್ತಗೇ ಹೇಳಿದ್ಲು."

ಸರಿಯಾಗೇ ಹೇಳಿದ್ದಾಳೆ ಅನ್ನಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. "ಈಗ ಎಲ್ಲಿದೀರಿ?"

"ಹೊರಗೆ. ಮೆಟ್ಟಿಲ ಮೇಲೆ."

"ಏನು ಮಾಡ್ತಿದೀರಿ?"

"ಏನೂ ಮಾಡ್ತಿಲ್ಲ."

ಹತ್ತು ಗಂಟೆಗೆ ಪಂದ್ಯ. ಹನ್ನೊಂದೂವರೆಗೆ ಮುಗಿಯಬೇಕು, ಆದರೂ ಇವರ ಫೋನಿಲ್ಲ. ಎದುರಿಗೆ ಒಂದು ಕಲ್ಲು ಸಿಕ್ಕಿದರೂ ತಿರುಗಿಸಿ ನೋಡುವ ಮನುಷ್ಯ, ಹರಿದ ಹೆಬ್ಬೆರಳು ಇಟ್ಟುಕೊಂಡು, ಮಗಳಿರುವ ಬಾಗಿಲಿನ ಹೊರಗೆ ಹೇಗೆ ಕೂತಿದ್ದಾರೋ ಅಂತ ನೆನೆದು ನನಗೆ ಅಳು ಬಂತು. ಸಿಟ್ಟೂ ಬಂತು, ಅವಳ ಮೇಲೋ ಇವರ ಮೇಲೋ ತಿಳಿಯಲಿಲ್ಲ.

ಹನ್ನೆರಡೂ ಕಾಲಿಗೆ ಫೋನು.

"ಬಂತು ಕಣೇ!" ಕಿವಿ ತೂತಾಗುವ ಹಾಗೆ ಕೂಗಿದರು. "ನಾಲ್ಕನೇದು. ಐದನೆಯವಳಿಗಿಂತ ಅರ್ಧ ಪಾಯಿಂಟು ಜಾಸ್ತಿ. ತಂಡದಲ್ಲಿದ್ದಾಳೆ!"

ಅಡುಗೆಮನೆಯ ನೆಲದ ಮೇಲೆ ಹಾಗೇ ಕುಸಿದು ಕೂತು ಅತ್ತೆ. ಇವರೂ ಆ ಕಡೆ ಮೂಗು ಒರೆಸಿಕೊಳ್ಳುತ್ತಿದ್ದರು. ಬಂದಳಾ, ನಿಮ್ಮ ಹತ್ತಿರ ಮಾತಾಡಿದಳಾ ಅಂತ ಕೇಳಿದೆ. ಬಂದಳು, ಕಾಲಿಗೆ ಕಾಲು ತಾಗಿಸಿಕೊಂಡು ಪಕ್ಕದಲ್ಲೇ ಕೂತಳು, ಒಂದೇ ಬಾಟಲಿಯಲ್ಲಿ ನೀರು ಕುಡಿದೆವು, ಅಂದರು. ನನಗೆ ಅಷ್ಟು ಸಾಕಿತ್ತು.

"ಫಾರಂ ಕೊಟ್ಟಿದ್ದಾರೆ," ಅಂದರು ಆಮೇಲೆ. "ಮುಂದಿನ ತಿಂಗಳು ಹೊರದೇಶಕ್ಕೆ ಹೋಗಬೇಕಲ್ಲ. ಮಕ್ಕಳ ಜೊತೆ ಮನೆಯವರು ಒಬ್ಬರು ಹೋಗಬಹುದಂತೆ. ಹೆಸರು ಬರೆಯೋಕೆ ಜಾಗ ಬಿಟ್ಟಿದ್ದಾರೆ."

"ಇನ್ನೇನು ಮತ್ತೆ, ಹೋಗಿ ಬನ್ನಿ."

"ನಿನ್ನ ಹೆಸರು ಬರೆದಿದ್ದಾಳೆ."

"ನನ್ನದಾ? ಬಂದೂಕಿನ ಯಾವ ತುದಿ ಯಾವ ಕಡೆ ಅಂತ ಗೊತ್ತಿಲ್ಲ ನನಗೆ!"

"ಅದಕ್ಕೇ ಅಂತೆ," ಅಂದು ನಕ್ಕರು. ನಗು ಅರ್ಧಕ್ಕೆ ನಿಂತುಹೋಯಿತು. ಆಮೇಲೆ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದರು: "ನಾನೇ ಹೇಳಿದೆ, ಅಮ್ಮನ ಹೆಸರು ಬರಿ ಅಂತ. ನನಗೆ ಅಂಗಡಿ ಬಿಟ್ಟು ಅಷ್ಟು ದಿನ ಬರೋಕಾಗಲ್ಲ ನೋಡು."

ಇಪ್ಪತ್ತೆರಡು ವರ್ಷದಲ್ಲಿ ಇವರ ಒಂದು ಸುಳ್ಳನ್ನೂ ನಾನು ದಾಟಿ ಹೋಗಲು ಬಿಟ್ಟವಳಲ್ಲ. ಬೀದಿಯಲ್ಲಾದರೂ ಸರಿ, ನೆಂಟರ ಎದುರಾದರೂ ಸರಿ, ಅಲ್ಲೇ ಹಿಡಿದು ನಿಲ್ಲಿಸಿದ್ದೇನೆ.

"ಒಳ್ಳೇದು ಮಾಡಿದ್ರಿ," ಅಂದೆ.